ಒತ್ತಡ ಕುಸಿದರೆ ಕಂಪ್ಯೂಟರಿಗೂ ತಿಳಿಯದು

ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಕಾರು ಬೇಗ ಸ್ಟಾರ್ಟ್ ಆಗುವುದಿಲ್ಲ. ಏರು ಬಂದರೆ ಪಿಕಪ್ ಇಲ್ಲ. ಗ್ಯಾರೇಜಿಗೆ ಒಯ್ದರೆ ಮೊದಲು ಸ್ಪಾರ್ಕ್ ಪ್ಲಗ್ ಬದಲಾಗುತ್ತದೆ, ಆಮೇಲೆ ಆಕ್ಸಿಜನ್ ಸೆನ್ಸರ್. ಬಿಲ್ ಬೆಳೆಯುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಇಂಥ ಕಡೆ ಬಹಳ ಸಲ ಯಾರೂ ಅಳೆದು ನೋಡದ ಸಂಗತಿ ಎಂದರೆ ಪೆಟ್ರೋಲಿನ ಒತ್ತಡ.

ಕಾರ್ಬ್ಯುರೇಟರ್ ಕಾಲದಲ್ಲಿ ಎಂಜಿನ್ನೇ ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು; ಪಂಪಿನಿಂದ 0.3 ಬಾರ್‌ನಷ್ಟು ಒತ್ತಡ ಬಂದರೆ ಸಾಕಿತ್ತು. ಎಂಪಿಎಫ್ಐ ಎಂಜಿನ್ನಿನಲ್ಲಿ ಇಂಜೆಕ್ಟರ್ ಸಿಂಪಡಿಸಬೇಕು, ಅದಕ್ಕೆ ಸಾಮಾನ್ಯವಾಗಿ 3ರಿಂದ 4 ಬಾರ್ ಬೇಕು. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂಬುದನ್ನು ಇಸಿಯು ಎಂಬ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಇಂಥ ಬಹುಪಾಲು ಕಾರುಗಳಲ್ಲಿ ಅದು ಒತ್ತಡವನ್ನು ಅಳೆಯುವುದಿಲ್ಲ, ಸರಿಯಾಗಿದೆ ಎಂದು ನಂಬಿಕೊಳ್ಳುತ್ತದೆ ಅಷ್ಟೆ.

ಆ ನಂಬಿಕೆ ಹುಸಿಯಾದಾಗ ಏನಾಗುತ್ತದೆ? ಹೊಮ್ಮುವ ಪೆಟ್ರೋಲಿನ ಪ್ರಮಾಣ ಇಂಜೆಕ್ಟರಿನ ಎರಡು ತುದಿಗಳ ಒತ್ತಡದ ವ್ಯತ್ಯಾಸದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ವ್ಯತ್ಯಾಸ 3 ಬಾರ್‌ನಿಂದ 2ಕ್ಕೆ ಇಳಿದರೆ ಪೆಟ್ರೋಲ್ ಸುಮಾರು ಶೇಕಡ 18ರಷ್ಟು ಕಡಿಮೆಯಾಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆ ಎಂದು ಸೆನ್ಸರ್ ಹೇಳಿದೊಡನೆ ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಟ್ಟು ಕೊರತೆ ತುಂಬುತ್ತದೆ. ಹೀಗಾಗಿ ದೋಷ ಕೆಲಕಾಲ ಮುಚ್ಚಿಹೋಗುತ್ತದೆ. ತುಂಬಿಸುವ ಮಿತಿ ಮೀರಿದಾಗ ಸ್ಕ್ಯಾನರಿನಲ್ಲಿ ಪಿ0171 ಕೋಡ್ ಕಾಣುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂದಷ್ಟೇ ಅದರ ಅರ್ಥ. ನಿಜ ಹೇಳಿದ ಸೆನ್ಸರನ್ನೇ ಕಿತ್ತು ಬಿಸಾಡುವುದು ಅನ್ಯಾಯ.

ಆದ್ದರಿಂದ ಮೊದಲು ಗೇಜ್ ಹಾಕಬೇಕು. ಕೀ ತಿರುಗಿಸಿದರೆ ಪಂಪ್ ಒಂದೆರಡು ಸೆಕೆಂಡ್ ಓಡುತ್ತದೆ. ಮುಳ್ಳು ಕಂಪನಿಯ ಕೈಪಿಡಿ ಹೇಳುವ ಅಂಕಿಗೆ ಏರಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಹಲವು ನಿಮಿಷ ನಿಲ್ಲಬೇಕು. ಕೂಡಲೇ ಬಿದ್ದುಹೋದರೆ ಪಂಪಿನೊಳಗಿನ ಚೆಕ್ ವಾಲ್ವ್, ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರುತ್ತಿದೆ. ಬೆಳಗಿನ ಆ ಉದ್ದನೆಯ ಸೆಲ್ಫಿಗೆ ಹೆಚ್ಚಾಗಿ ಇದೇ ಕಾರಣ.

ಐಡ್ಲಿಂಗಿನಲ್ಲಿ ಒತ್ತಡ ಸರಿಯಿದ್ದು, ರೇಸ್ ಕೊಟ್ಟಾಗ ಇಳಿದರೆ ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು: ಪಂಪ್ ಬದಲಿಸುವ ಮುನ್ನ, ಅದು ಓಡುತ್ತಿರುವಾಗಲೇ ಅದರ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿ. ಅರ್ತ್ ವೈರಿಗೆ ತುಕ್ಕು ಹಿಡಿದಿದ್ದರೆ, ರಿಲೇ ಸುಟ್ಟಿದ್ದರೆ ಒಳ್ಳೆಯ ಮೋಟರ್ ಕೂಡ ನಿಧಾನವಾಗುತ್ತದೆ. ಹೊಸ ಪಂಪ್ ಹಾಕಿದರೂ ಅದೇ ಗತಿ. ಇನ್ನು ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ ಆದ್ದರಿಂದ, ಸದಾ ರಿಸರ್ವ್‌ನಲ್ಲೇ ಓಡಿಸುವುದು ಅದರ ಆಯುಷ್ಯಕ್ಕೆ ಕೇಡು.

ಒತ್ತಡ ಹೆಚ್ಚಾದರೆ ಕಪ್ಪು ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪನ್ನು ಎಳೆದು ನೋಡಿ. ಅದರಲ್ಲಿ ಪೆಟ್ರೋಲಿನ ಪಸೆಯಿದ್ದರೆ ಒಳಗಿನ ಡಯಾಫ್ರಾಮ್ ಹರಿದಿದೆ, ರೆಗ್ಯುಲೇಟರ್ ಬದಲಿಸುವುದೊಂದೇ ದಾರಿ.

ಲೈನ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ. ಬಳಿಯಲ್ಲಿ ಬೆಂಕಿಯ ಸುಳಿವೂ ಇರಬಾರದು.

ಇದೆಲ್ಲ ಪೆಟ್ರೋಲ್ ಎಂಪಿಎಫ್ಐ ಕಾರಿನ ಮಾತು. 1997ರಲ್ಲಿ ಆಲ್ಫಾ ರೋಮಿಯೊ 156ರೊಂದಿಗೆ ಕಾರುಗಳಿಗೆ ಬಂದ ಕಾಮನ್ ರೈಲ್ ಡೀಸೆಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅದರ ರೈಲಿಗೆ ಒತ್ತಡ ಅಳೆಯುವ ಸೆನ್ಸರೇ ಇರುವುದರಿಂದ ಅಂಕಿ ಸ್ಕ್ಯಾನರಿನಲ್ಲೇ ಸಿಗುತ್ತದೆ. ಎಂಜಿನ್ ಓಡುವಾಗ ಅಲ್ಲಿ ಪೈಪ್ ಸಡಿಲಿಸಬೇಡಿ, ಸೋರುವ ಜಾಗವನ್ನು ಬೆರಳಿಂದ ಮುಟ್ಟಬೇಡಿ. ಕೂದಲೆಳೆಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಒಳಹೊಕ್ಕದ್ದು ಡೀಸೆಲ್ ಎಂದು ವೈದ್ಯರಿಗೆ ಹೇಳಬೇಕು.