ದೊಡ್ಡ ಪುಟದ ಲೆಕ್ಕ

ಪ್ರಶ್ನೆ: ಡೇಟಾಬೇಸ್ ಸರ್ವರ್‌ಗೆ ‘ಹ್ಯೂಜ್ ಪೇಜ್’ ಯಾಕೆ? ಎಷ್ಟಿಡಬೇಕು?
— ಓದುಗರೊಬ್ಬರು, ಸಲಗರ, ಅಕ್ಕಲಕೋಟ ತಾಲ್ಲೂಕು

ಉತ್ತರ: ನಿಮ್ಮ ಕಡೆಯ ಸಾತ್‌ಬಾರಾ ಉತಾರೆಯನ್ನೇ, ಅಂದರೆ ಜಮೀನಿನ ದಾಖಲೆಯನ್ನೇ ನೆನೆಯಿರಿ. ಹೊಲ ಗುಂಟೆಗುಂಟೆಯಾಗಿ ಒಡೆದಷ್ಟೂ ತಲಾಠಿಯ ದಫ್ತರ ದಪ್ಪ. ಮೆಮೊರಿಯೂ ಹಾಗೆಯೇ. ಲಿನಕ್ಸ್ ಅದನ್ನು ಸಾಮಾನ್ಯವಾಗಿ 4 ಕೆಬಿ ತುಂಡುಗಳಲ್ಲಿ ಹಂಚುತ್ತದೆ. ಡೇಟಾಬೇಸ್‌ನ ಹಂಚಿಕೆಯ ಮೆಮೊರಿ 8 ಜಿಬಿ ಎಂದುಕೊಳ್ಳಿ, ಅದಕ್ಕೆ ಸುಮಾರು 21 ಲಕ್ಷ ನಮೂದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಬೇರೆ ಪ್ರೊಸೆಸ್, ಪ್ರತಿಯೊಂದಕ್ಕೂ ಬೇರೆ ದಫ್ತರ. ಎಲ್ಲವೂ ಪೂರ್ತಿ ತುಂಬಿದರೆ ತಲಾ 16 ಎಂಬಿ. ನೂರು ಸಂಪರ್ಕಕ್ಕೆ 1.6 ಜಿಬಿ ಬರೀ ಲೆಕ್ಕಕ್ಕೇ ಹೋಯಿತು! 2 ಎಂಬಿಯ ದೊಡ್ಡ ತುಂಡು, ಅಂದರೆ ‘ಹ್ಯೂಜ್ ಪೇಜ್’ ಆದರೆ 4096 ನಮೂದು ಸಾಕು. ಲಿನಕ್ಸ್‌ನ ‘ಎನ್‌ಆರ್ ಹ್ಯೂಜ್‌ಪೇಜಸ್’ ಸೆಟ್ಟಿಂಗ್‌ಗೆ ತುಸು ಹೆಚ್ಚು, 4300ರಷ್ಟು ಕೊಡಿ. ಮೀಸಲಿಟ್ಟದ್ದು ಬೇರೆ ಕೆಲಸಕ್ಕೆ ಸಿಗದು, ಅತಿಯಾಸೆ ಬೇಡ. ಪೋಸ್ಟ್‌ಗ್ರೆಸ್‌ನ ‘ಹ್ಯೂಜ್ ಪೇಜಸ್’ ಸೆಟ್ಟಿಂಗ್ ತಾನಾಗಿ ‘ಟ್ರೈ’ ಎಂದಿರುತ್ತದೆ; ಪುಟ ಸಾಲದಿದ್ದರೆ ಸದ್ದಿಲ್ಲದೆ ಸಣ್ಣದಕ್ಕೆ ಮರಳುತ್ತದೆ. ‘ಆನ್’ ಎಂದು ಬರೆಯಿರಿ. ಆಗ ಸಾಲದಿದ್ದರೆ ಸರ್ವರ್ ಏಳುವುದೇ ಇಲ್ಲ, ಕೊರತೆ ತಕ್ಷಣ ಗೊತ್ತಾಗುತ್ತದೆ.