ಮಿದುಳು ಕೆಟ್ಟಿತ್ತು, ಬುದ್ಧಿ ಕೆಡಲಿಲ್ಲ

1906ರ ನವೆಂಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೇರಿದ್ದ ವೈದ್ಯರ ಮುಂದೆ ಅಲೋಯಿಸ್ ಅಲ್ಝೈಮರ್ ಒಬ್ಬ ಹೆಂಗಸಿನ ವಿಚಾರ ಹೇಳಿದರು. 51ಕ್ಕೇ ಮರೆವು ಹಿಡಿದು ಫ್ರಾಂಕ್‌ಫರ್ಟ್ ಆಸ್ಪತ್ರೆ ಸೇರಿದ್ದಾಕೆ. ಸತ್ತ ಮೇಲೆ ಮಿದುಳಿನ ತೆಳು ಚೂರುಗಳನ್ನು ಬೆಳ್ಳಿಯ ಲವಣದಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಟ್ಟಾಗ ನರಕೋಶಗಳ ಒಳಗೆ ಎಳೆಗಳ ಸಿಕ್ಕು, ಹೊರಗೆ ಪ್ಲಾಕ್ ಎಂಬ ಗಸಿ ಕಂಡಿತ್ತು. ಗಸಿ ಕಂಡರೆ ರೋಗ ಎಂಬ ಲೆಕ್ಕ ಹುಟ್ಟಿದ್ದು ಹೀಗೆ. ಬುದ್ಧಿ ನೆಟ್ಟಗಿದ್ದೇ ತೀರಿಕೊಂಡವರ ಮಿದುಳನ್ನು ಎಣಿಸಿ, ಹೋಲಿಸಿ ನೋಡಿದವರು ಕಡಿಮೆ.

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಟಾಮ್ಲಿನ್ಸನ್, ಬ್ಲೆಸ್ಡ್, ರಾತ್ ಆ ಕೆಲಸಕ್ಕೆ ಕೂತರು. 1968ರಲ್ಲಿ ಅರಳುಮರಳಿಲ್ಲದ 28 ಹಿರಿಯರ ಮಿದುಳಿನ ವರದಿ ಬಂತು. ಅವರಲ್ಲೂ ಅನೇಕರಿಗೆ ಗಸಿ ಇತ್ತು, ಪ್ರಮಾಣ ಕಡಿಮೆ ಅಷ್ಟೆ. 1988ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ತಂಡಕ್ಕೆ ಸಿಕ್ಕಿದ್ದು ಇನ್ನೂ ವಿಚಿತ್ರ. ವೃದ್ಧಾಶ್ರಮದ 137 ಮಂದಿಯಲ್ಲಿ ಹತ್ತು ಜನರ ಮಿದುಳು ರೋಗಿಗಳದ್ದರಂತೆಯೇ ಇತ್ತು, ಬದುಕಿದ್ದಾಗ ಬುದ್ಧಿ ಮಾತ್ರ ಚುರುಕು. ಅವರ ಮಿದುಳಿನ ತೂಕ ಹೆಚ್ಚಿತ್ತು. ಬಂಡವಾಳ ದೊಡ್ಡದು, ನಷ್ಟ ತಡೆದುಕೊಂಡಿತು ಎಂದುಕೊಂಡರು.

ಆ ವಿವರಣೆ ಸಾಲದು ಎಂದು ತೋರಿಸಿದಾಕೆ ಸಿಸ್ಟರ್ ಮೇರಿ. ಡೇವಿಡ್ ಸ್ನೋಡನ್ 1986ರಲ್ಲಿ ಮಿನೆಸೋಟಾದಲ್ಲಿ ಶುರುಮಾಡಿದ ಅಧ್ಯಯನಕ್ಕೆ 678 ಕ್ರೈಸ್ತ ಸನ್ಯಾಸಿನಿಯರು ಸೇರಿದ್ದರು. ವರ್ಷವರ್ಷ ಪರೀಕ್ಷೆಗೆ ಕೂರುವುದು, ಸತ್ತ ಮೇಲೆ ಮಿದುಳು ಕೊಡುವುದು, ಇದು ಒಪ್ಪಂದ. ಒಂದೇ ಊಟ, ಒಂದೇ ಬಗೆಯ ದಿನಚರಿ. ಸಂಶೋಧಕರಿಗೆ ಇದಕ್ಕಿಂತ ಅನುಕೂಲ ಬೇಕೆ? ಮೇರಿ 84ರವರೆಗೆ ಶಾಲೆಯಲ್ಲಿ ಪಾಠ ಹೇಳಿದಾಕೆ. 101ಕ್ಕೆ ತೀರಿಕೊಳ್ಳುವ ಮುಂಚಿನ ಪರೀಕ್ಷೆಗಳಲ್ಲೂ ಒಳ್ಳೆಯ ಅಂಕ. ತೆರೆದು ನೋಡಿದರೆ ಮಿದುಳಿನ ತುಂಬ ಗಸಿ, ಸಿಕ್ಕು. ತೂಕ ಬರೀ 870 ಗ್ರಾಂ. ಇದೇ ಅಧ್ಯಯನ 1997ರಲ್ಲಿ ಒಂದು ಸುಳಿವು ಕೊಟ್ಟಿತು: ಗಸಿಯ ಜತೆಗೆ ರಕ್ತನಾಳ ಕಟ್ಟಿಕೊಂಡು ಆದ ಸಣ್ಣ ಗಾಯಗಳೂ ಇದ್ದವರಲ್ಲೇ ಮರೆವು ಜಾಸ್ತಿ. ಹೆಚ್ಚು ಓದಿದವರು, ತಲೆಗೆ ಕೆಲಸ ಕೊಟ್ಟವರು ತಡೆದುಕೊಳ್ಳುತ್ತಾರೆ ಎಂಬ ವಾದವೂ ಇದೆ. ನನಗೆ ರಕ್ತನಾಳದ ಮಾತೇ ಹೆಚ್ಚು ಉಪಯೋಗಕ್ಕೆ ಬರುವಂಥದ್ದು ಅನ್ನಿಸುತ್ತದೆ. ಬಿಪಿಗೆ ಮಾತ್ರೆಯಿದೆ, ಹೋದ ಶಾಲೆಗೆ ಮತ್ತೆ ಹೋಗುವಂತಿಲ್ಲ.

2004ರ ಹೊತ್ತಿಗೆ ಬದುಕಿರುವವರ ಗಸಿಯೂ ಪೆಟ್ ಸ್ಕ್ಯಾನ್‌ನಲ್ಲಿ ಕಾಣಿಸತೊಡಗಿತು, ಈಗ ರಕ್ತಪರೀಕ್ಷೆಯೂ ಬಂದಿದೆ. ಹಾಗಾಗಿ ಜಗಳವೂ ಬಂದಿದೆ. 2024ರಲ್ಲಿ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್‌ನ ತಂಡ, ಮರೆವಿರಲಿ ಬಿಡಲಿ, ಪರೀಕ್ಷೆಯಲ್ಲಿ ಕಂಡರೆ ರೋಗವೇ ಎಂದಿತು. ಅದೇ ವರ್ಷ ಇನ್ನೊಂದು ಅಂತರರಾಷ್ಟ್ರೀಯ ತಂಡ, ಲಕ್ಷಣವಿಲ್ಲದವರನ್ನು ಅಪಾಯವಿರುವವರು ಅನ್ನಿ, ರೋಗಿ ಅನ್ನಬೇಡಿ ಎಂದಿತು. ಮೊದಲನೆಯವರ ಪ್ರಕಾರ ಸಿಸ್ಟರ್ ಮೇರಿ ರೋಗಿ. ನನ್ನ ಮತ ಎರಡನೆಯವರಿಗೆ.