ನಿಮಗಿದು ಗೊತ್ತೆ? ಗುತ್ತಲದ ಹುಡುಗರಿಗೆ ಹತ್ತಿರದ ಕಸುಬು
ಕೆಲಸ ಮಾಡುತ್ತಲೇ ಕಸುಬು ಕಲಿಯುವವರಿಗಾಗಿ ಇರುವ ಅಪ್ರೆಂಟಿಸ್ ಕಾಯ್ದೆ 1961ರದು. ಅದರ ನಿಯಮದಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಉದ್ಯಮಗಳು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿ ಇದ್ದರೆ ಅದು ಮಾಲೀಕರ ಇಷ್ಟ. ಊರಿನ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳು ಸಾಮಾನ್ಯವಾಗಿ ಈ ಲೆಕ್ಕಕ್ಕೇ ಸಿಗದಷ್ಟು ಸಣ್ಣವು.

ಹಾಗಾಗಿ ಗುತ್ತಲದ ವಿದ್ಯಾರ್ಥಿಗೆ ದೊಡ್ಡ ಅವಕಾಶ ಆಚೀಚೆಯ ಪೇಟೆಗಳಲ್ಲಿದೆ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹದಲ್ಲಿ ಕಂಪ್ರೆಸರ್ ಕೆಟ್ಟರೆ ಬೇಕಾಗುವುದು ರೆಫ್ರಿಜರೇಷನ್ ಮೆಕ್ಯಾನಿಕ್. ರಾಣೆಬೆನ್ನೂರಿನ ಬೀಜೋದ್ಯಮಕ್ಕೆ ಪರಾಗಸ್ಪರ್ಶ, ಮೊಳಕೆ ಪರೀಕ್ಷೆ ಬಲ್ಲವರು. ಐಟಿಐ ಓದಿದವರಿಗೆ ಮೊದಲನೆಯದು ನೇರ ದಾರಿ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಮುಂತಾದ ಕಂಪನಿಗಳ ನೆರವಿನಿಂದ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಇನ್ನು ಅಪ್ರೆಂಟಿಸ್ ಆಗಲು ಕನಿಷ್ಠ 14 ವರ್ಷ ತುಂಬಿರಬೇಕು, ಅಪಾಯದ ಕೆಲಸಕ್ಕೆ 18.